ಅರ್ಧ ದಿನದ ಊರು

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ “ಏನೇನು ನೋಡಿದಿರಿ?” ಎಂಬುದು. ಎಷ್ಟು ನಡೆದಿರಿ ಎಂದು ಯಾರೂ ಕೇಳುವುದಿಲ್ಲ. ನೋಡಿದ್ದರ ಪಟ್ಟಿ ಉದ್ದವಾದಷ್ಟೂ ಪ್ರವಾಸ ಸಾರ್ಥಕವಾಯಿತೆಂದು ಹೇಳುವವರೂ ತಿಳಿಯುತ್ತಾರೆ, ಕೇಳುವವರೂ ತಿಳಿಯುತ್ತಾರೆ. ನಮ್ಮ ಪ್ರವಾಸ ಸಾಹಿತ್ಯದ ಬಹುಭಾಗ ಈ ಪಟ್ಟಿಯ ವಿಸ್ತರಣವೇ ಆಗಿದೆ ಎಂದರೆ ಬಲ್ಲವರು ಮುನಿಯಬಾರದು. ಗೋಪುರದ ಎತ್ತರ ಎಷ್ಟು, ಅರಮನೆಗೆ ಕೋಣೆಗಳೆಷ್ಟು, ರಾಜನಿಗೆ ರಾಣಿಯರೆಷ್ಟು ಎಂಬುದೆಲ್ಲ ಆ ಪುಸ್ತಕಗಳಲ್ಲಿ ದೊರೆಯುತ್ತದೆ. ಆ ಊರಿನ ಜನ ಬೆಳಗ್ಗೆ ಎದ್ದು ತಮ್ಮ ಬಾಗಿಲ ಮುಂದೆ ಏನು ಮಾಡುತ್ತಾರೆ, ಸಂಜೆ ಎಲ್ಲಿ ಕೂರುತ್ತಾರೆ ಎಂಬುದು ಮಾತ್ರ ದೊರೆಯುವುದಿಲ್ಲ. ಊರೆಂದರೆ ಅದೇ ಅಲ್ಲವೆ?

ಇಷ್ಟು ಖಂಡಿತವಾಗಿ ಬರೆಯುವ ಧೈರ್ಯ ನನಗೆ ಬಂದದ್ದು ಹೋದ ವರ್ಷ ಜರ್ಮನಿಯ ಟ್ಯೂಬಿಂಗೆನ್ ಎಂಬ ಸಣ್ಣ ಊರಿನಲ್ಲಿ ಐದು ದಿನ ಸುಮ್ಮನೆ ಅಡ್ಡಾಡಿದ ಮೇಲೆ. ನನ್ನ ತಮ್ಮ ಸ್ಟುಟ್‌ಗಾರ್ಟ್ ನಗರದ ಬಳಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಬಹಳ ವರ್ಷಗಳಿಂದ ಕರೆಯುತ್ತಿದ್ದ. ಜೂನ್ ತಿಂಗಳಲ್ಲಿ ಕೂಡಿಬಂತು. ನಾನು ವಿಮಾನದಿಂದ ಇಳಿಯುವ ಹೊತ್ತಿಗೆ ಅವನು ನನ್ನ ಹತ್ತು ದಿನಗಳನ್ನು ಕಾಗದದ ಮೇಲೆ ಗೆರೆ ಹಾಕಿ ಹಂಚಿಬಿಟ್ಟಿದ್ದ. ಹೈಡೆಲ್‌ಬರ್ಗಿಗೆ ಒಂದು ದಿನ, ರೈನ್ ನದಿಯ ಕೋಟೆಗಳಿಗೆ ಎರಡು ದಿನ, ಮ್ಯೂನಿಕ್ಕಿಗೆ ಎರಡು ದಿನ. ಟ್ಯೂಬಿಂಗೆನ್ನಿನ ಮುಂದೆ ‘ಅರ್ಧ ದಿನ’ ಎಂದು ಬರೆದಿತ್ತು. “ಅಣ್ಣಾ, ಅಲ್ಲೇನೈತಿ? ಒಂದು ಹೊಳಿ, ಒಂದು ಚರ್ಚು, ಗುಡ್ಡದ ಮ್ಯಾಲ ಒಂದು ಕೋಟಿ. ಮುಂಜಾನೆ ಹೋದ್ರ ಮಧ್ಯಾಹ್ನ ಊಟಕ್ಕ ತಿರುಗಿ ಬರಬಹುದು” ಎಂದ. ಕನ್ನಡದ ಮಾಸ್ತರನಾದ ನನಗೆ ಆ ಊರು ಬೇರೊಂದು ಕಾರಣಕ್ಕೆ ಬೇಕಾಗಿತ್ತು. ಹಟ ಹಿಡಿದೆ. ಅವನ ಪಟ್ಟಿಯಲ್ಲಿ ಅರ್ಧಕ್ಕರ್ಧ ಬಿದ್ದುಹೋಯಿತು. ರೈನ್ ನದಿಯನ್ನು ನಾನು ಈ ಹೊತ್ತಿಗೂ ಕಂಡಿಲ್ಲ.

ಟ್ಯೂಬಿಂಗೆನ್ ಇರುವುದು ಸ್ಟುಟ್‌ಗಾರ್ಟಿಗೆ ದಕ್ಷಿಣದಲ್ಲಿ, ನೆಕ್ಕಾರ್ ನದಿಯ ದಡದಲ್ಲಿ. ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನೆಕ್ಕಾರ್ ದೊಡ್ಡ ನದಿಯೇನಲ್ಲ; ಸುಮಾರು 360 ಕಿಲೋಮೀಟರು ಹರಿದು ಮಾನ್‌ಹೈಮಿನಲ್ಲಿ ರೈನ್ ನದಿಯನ್ನು ಕೂಡುತ್ತದೆ. ಈ ಊರಿನ ಹತ್ತಿರ ಅದಿನ್ನೂ ಎಳೆಯದು, ನಮ್ಮ ಕಡೆ ಹೊಳೆ ಎನ್ನುವಷ್ಟೇ ಅಗಲ. ಊರಿನ ಜನಸಂಖ್ಯೆ 90 ಸಾವಿರದ ಸುಮಾರು. ವಿದ್ಯಾರ್ಥಿಗಳು ಹತ್ತಿರ ಹತ್ತಿರ 28 ಸಾವಿರ. ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1477ರಲ್ಲಿ. ವಿಶ್ವವಿದ್ಯಾನಿಲಯದಲ್ಲಿ ಊರಿದೆಯೋ ಊರಿನಲ್ಲಿ ವಿಶ್ವವಿದ್ಯಾನಿಲಯವಿದೆಯೋ ಎಂದು ಅನುಮಾನ ಬರುವಷ್ಟು ಅವೆರಡೂ ಹೆಣೆದುಕೊಂಡಿವೆ.

ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸೇತುವೆ. ಅದರ ಕಟಕಟೆಯ ಉದ್ದಕ್ಕೂ ಹೂವಿನ ಕುಂಡಗಳು. ಅಲ್ಲಿ ನಿಂತು ನೋಡಿದಾಗ ಕಾಣುವ ನೋಟ ಅಂಚೆಯ ಚಿತ್ರಪಟಗಳಲ್ಲೆಲ್ಲ ಬಂದದ್ದೇ: ನೀರಿನಿಂದೆದ್ದ ಕಲ್ಲಿನ ಗೋಡೆ, ಅದರ ಮೇಲೆ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಬಣ್ಣಬಣ್ಣದ ಮನೆಗಳು, ಅವುಗಳ ಚೂಪು ಮಾಡುಗಳು, ಅತ್ತ ಕೊನೆಯಲ್ಲಿ ಹಳದಿಯ ಒಂದು ಗುಂಡು ಗೋಪುರ, ನೀರಿಗೆ ಬಾಗಿದ ಮರಗಳು. ಇದನ್ನು ನೋಡಿ, ಚಿತ್ರ ತೆಗೆದು, ಹಿಂದಿರುಗುವುದಾದರೆ ನನ್ನ ತಮ್ಮನ ಅರ್ಧ ದಿನವೂ ಹೆಚ್ಚೇ. ಆದರೆ ನಾನು ನೋಡಿದ್ದು ಆ ಗೋಡೆಯ ಮೇಲೆ ಕುಳಿತವರನ್ನು. ಹದಿನೆಂಟು ಇಪ್ಪತ್ತು ವಯಸ್ಸಿನ ಹುಡುಗರು, ಹುಡುಗಿಯರು, ಕಾಲುಗಳನ್ನು ನೀರಿನ ಕಡೆ ಇಳಿಬಿಟ್ಟು ಸಾಲಾಗಿ ಕುಳಿತಿದ್ದರು. ಒಬ್ಬಳು ಓದುತ್ತಿದ್ದಳು, ಒಬ್ಬ ಬ್ರೆಡ್ಡು ಮುರಿಯುತ್ತಿದ್ದ, ಉಳಿದವರು ಏನನ್ನೂ ಮಾಡುತ್ತಿರಲಿಲ್ಲ. ಏನನ್ನೂ ಮಾಡದೆ ಕುಳಿತ ತರುಣರನ್ನು ಕಂಡು ಎಷ್ಟು ವರ್ಷವಾಗಿತ್ತೋ! ಧಾರವಾಡದ ನಮ್ಮ ಓಣಿಯ ಕಟ್ಟೆ ನೆನಪಾಯಿತು.

ಸೇತುವೆಯ ನಡುವಿನಿಂದ ಮೆಟ್ಟಿಲಿಳಿದರೆ ನದಿಯ ಮಧ್ಯದ ಉದ್ದನೆಯ ನಡುಗಡ್ಡೆ. ಅಲ್ಲಿ ಸುಮಾರು ಇನ್ನೂರು ವರ್ಷ ಹಳೆಯ ಪ್ಲೇನ್ ಮರಗಳ ಎರಡು ಸಾಲುಗಳು ಹಬ್ಬಿಕೊಂಡು ಚಪ್ಪರದಂತಾಗಿವೆ. ಅತ್ತ ಇತ್ತ ತೆಳ್ಳನೆಯ, ಉದ್ದನೆಯ, ತಳ ಚಪ್ಪಟೆಯಾದ ದೋಣಿಗಳು ತೇಲುತ್ತವೆ. ಅವಕ್ಕೆ ಹುಟ್ಟಿಲ್ಲ, ನಮ್ಮ ಕರಾವಳಿಯ ಹೊಳೆಗಳಲ್ಲಿ ಮಾಡುವಂತೆ ಒಬ್ಬ ಹಿಂದೆ ನಿಂತು ಉದ್ದನೆಯ ಗಳೆಯನ್ನು ತಳಕ್ಕೆ ಊರಿ ನೂಕುತ್ತಾನೆ. ವರ್ಷಕ್ಕೊಮ್ಮೆ, ಕ್ರೈಸ್ತರ ಹಬ್ಬವೊಂದರ ಗುರುವಾರ, ವಿದ್ಯಾರ್ಥಿ ಸಂಘಗಳು ವೇಷ ಕಟ್ಟಿಕೊಂಡು ಈ ದೋಣಿಗಳ ಸ್ಪರ್ಧೆ ನಡೆಸುತ್ತವೆ. ಗೆದ್ದವರ ಕಥೆ ಎಲ್ಲ ಊರುಗಳಲ್ಲಿಯೂ ಒಂದೇ. ಇಲ್ಲಿ ವಿಶೇಷವಿರುವುದು ಸೋತವರಲ್ಲಿ: ಕಡೆಯ ಸ್ಥಾನ ಬಂದ ದೋಣಿಯವರು ತಲೆಗೆ ಅರ್ಧ ಲೀಟರಿನಂತೆ ಮೀನಿನ ಎಣ್ಣೆ ಕುಡಿಯಬೇಕು, ಅದೂ ನೆರೆದ ಜನರೆದುರಿಗೆ; ಮುಂದಿನ ವರ್ಷದ ಸ್ಪರ್ಧೆಯನ್ನು ಏರ್ಪಡಿಸುವ ಹೊಣೆಯೂ ಅವರದೇ. ನಾನು ಹೋಗುವ ಹೊತ್ತಿಗೆ ಈ ಉತ್ಸವ ಮುಗಿದು ಮೂರು ದಿನವಾಗಿತ್ತು. ದೋಣಿಯ ಹುಡುಗ ಇದನ್ನೆಲ್ಲ ಹೇಳಿ, ತಾನೂ ಒಂದು ವರ್ಷ ಕುಡಿದವನೆಂದು ಎದೆಯುಬ್ಬಿಸಿ ತಿಳಿಸಿದ. ಗೆದ್ದಿದ್ದರೆ ಅಷ್ಟು ಹೆಮ್ಮೆಯಿಂದ ಹೇಳುತ್ತಿದ್ದನೋ ಇಲ್ಲವೋ!

ಹಳೆಯ ಊರು ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಬಹುಮಟ್ಟಿಗೆ ಪಾರಾಯಿತು. ಹಾಗಾಗಿ ಮರದ ಚೌಕಟ್ಟು ನಿಲ್ಲಿಸಿ ನಡುವೆ ಮಣ್ಣು ಗಾರೆ ತುಂಬಿ ಕಟ್ಟಿದ ಮನೆಗಳು ಸಾಲುಸಾಲಾಗಿ ಉಳಿದಿವೆ. ಕೆಲವು ಮನೆಗಳ ಮೇಲಂತಸ್ತು ಕೆಳಗಿನದಕ್ಕಿಂತ ಮುಂದೆ ಚಾಚಿ, ಎದುರು ಮನೆಯೊಡನೆ ಗುಟ್ಟು ಮಾತಾಡುವಂತೆ ನಿಂತಿದೆ. ಬೀದಿಗಳಿಗೆ ಅಲ್ಲಿ ‘ಗಾಸ್ಸೆ’ ಎನ್ನುತ್ತಾರೆ. ಓಣಿಯೆಂದೇ ಅದರ ಅರ್ಥ. ಸ್ವಾಬಿಯಾ ಸೀಮೆಯ ಜನ ಅದಕ್ಕೂ ‘ಲೆ’ ಎಂಬ ಪ್ರತ್ಯಯ ಹಚ್ಚಿ ‘ಗೆಸ್ಲೆ’ ಎಂದು ಮುದ್ದು ಮಾಡುತ್ತಾರೆ. ಮನೆಗೆ, ಸೇತುವೆಗೆ, ಬೆಕ್ಕಿಗೆ, ಏನಕ್ಕೆ ಬೇಕಾದರೂ ಈ ‘ಲೆ’ ಹತ್ತುತ್ತದೆ. ಒಂದು ಊರು ತನ್ನ ಓಣಿಯನ್ನು ಮಗುವಿನಂತೆ ಕರೆಯುತ್ತದೆ ಎಂಬುದನ್ನು ಯಾವ ಮಾರ್ಗದರ್ಶಿ ಪುಸ್ತಕ ಹೇಳೀತು? ಅದನ್ನು ನಾನು ತಿಳಿದದ್ದು ದಾರಿ ತಪ್ಪಿ ಒಬ್ಬ ಅಜ್ಜಿಯನ್ನು ಕೇಳಿದಾಗ. ನನಗೆ ಬರುವ ಹರಕು ಜರ್ಮನ್ ಭಾಷೆಯಲ್ಲಿ ನಮಸ್ಕಾರ ಹೇಳಿದೆ. ಆಕೆ “ಗ್ರ್ಯೂಸ್ ಗಾಟ್” ಎಂದಳು. ದೇವರು ನಿನಗೆ ಒಳಿತು ಹೇಳಲಿ ಎಂಬಂಥ ಮಾತು ಅದು. ಉತ್ತರ ಜರ್ಮನಿಯಲ್ಲಿ ಹೀಗೆನ್ನುವುದಿಲ್ಲವಂತೆ.

ಆ ಅಜ್ಜಿಯ ಕೈಯಲ್ಲಿ ಪೊರಕೆಯಿತ್ತು. ಸ್ವಾಬಿಯಾದಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿಯಿದೆ. ಕಸ ಗುಡಿಸುವ ವಾರ ಎನ್ನಬಹುದು. ಒಂದು ಕಟ್ಟಡದಲ್ಲಿ ನಾಲ್ಕು ಸಂಸಾರಗಳಿದ್ದರೆ ಮೆಟ್ಟಿಲನ್ನೂ ಮುಂದಿನ ಕಾಲುದಾರಿಯನ್ನೂ ಗುಡಿಸುವ ಸರದಿ ವಾರಕ್ಕೊಬ್ಬರಂತೆ ಸುತ್ತುತ್ತದೆ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ತೂಗುಹಾಕುತ್ತಾರೆ. ವಾರ ಮುಗಿದ ಮೇಲೆ ಹಲಗೆ ಪಕ್ಕದ ಬಾಗಿಲಿಗೆ ಹೋಗುತ್ತದೆ. ಜರ್ಮನಿಯ ಉಳಿದ ಭಾಗದವರು ಇದನ್ನು ಎತ್ತಿ ಸ್ವಾಬಿಯರನ್ನು ಗೇಲಿ ಮಾಡುವುದುಂಟು. ನನಗೆ ನಗು ಬರಲಿಲ್ಲ. ನಸುಕಿನಲ್ಲಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಯಿಡುವ ಹೆಂಗಸರ ನಾಡಿನಿಂದ ಹೋದವನು ನಾನು. ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯಿತು. ಮರುದಿನ ಅದೇ ಓಣಿಯ ಇನ್ನೊಂದು ಮನೆಯ ಮುಂದೆ ಪೊರಕೆ ಹಿಡಿದಿದ್ದವನು ಗಂಡಸು; ಕನ್ನಡಕ ಹಾಕಿದ್ದ, ನನ್ನ ವಯಸ್ಸಿನವನು, ಮೆಟ್ಟಿಲಿನ ಮೇಲೆ ಪುಸ್ತಕವೊಂದನ್ನು ಮಗುಚಿಟ್ಟಿದ್ದ.

ಇಲ್ಲಿ ನಾನು ಎಚ್ಚರ ತಪ್ಪಬಾರದು. ಪರದೇಶದಿಂದ ಬಂದ ಕನ್ನಡಿಗನ ಲೇಖನಿಗೆ ಎರಡು ರೋಗ: ಒಂದು ಬೆರಗು, ಇನ್ನೊಂದು ಹೋಲಿಕೆ. ‘ಆಹಾ, ಎಷ್ಟು ಸ್ವಚ್ಛ! ನಮ್ಮವರೇಕೆ ಹೀಗೆ?’ ಎಂದು ಆರಂಭಿಸಿದರೆ ಮುಗಿಯಿತು. ಈ ಊರು ಹಣವಂತರ ಊರು. ಅಲ್ಲಿ ಕೊಠಡಿ ಹುಡುಕಿ ಸೋತ ನಮ್ಮ ಕಡೆಯ ಒಬ್ಬ ವಿದ್ಯಾರ್ಥಿ ತನ್ನ ಪಾಡನ್ನು ಒಂದು ಗಂಟೆ ಹೇಳಿಕೊಂಡ. ಬಾಡಿಗೆ ಕೇಳಿ ನನಗೇ ತಲೆ ತಿರುಗಿತು. ಅವರಿಗಿರುವಷ್ಟು ಅನುಕೂಲವಿದ್ದರೆ ಯಾರಾದರೂ ಹೂಕುಂಡ ಇಟ್ಟಾರು. ಆದರೆ ಹಣವೊಂದರಿಂದಲೇ ಆಗದ ಕೆಲಸಗಳೂ ಅಲ್ಲಿವೆ. ಕಾಫಿ ಕುಡಿದು ಎಸೆಯುವ ಕಾಗದದ ಲೋಟಕ್ಕೆ ಈ ಪುರಸಭೆ 2022ರಿಂದ 50 ಸೆಂಟ್ ತೆರಿಗೆ ಹಾಕಿದೆ. ಒಂದು ಅಂಗಡಿಯವರು ಕೋರ್ಟಿಗೆ ಹೋದರು. ದೇಶದ ಸಂವಿಧಾನ ನ್ಯಾಯಾಲಯ ಕಡೆಗೆ ಊರಿನ ಪಕ್ಷವನ್ನೇ ಎತ್ತಿಹಿಡಿಯಿತು. ಆದುದರಿಂದ ಬೆಳಗಿನ ಹೊತ್ತು ದಾರಿಯಲ್ಲಿ ತಮ್ಮ ಲೋಟವನ್ನು ತಾವೇ ಹಿಡಿದು ನಡೆಯುವ ಜನ ಕಾಣುತ್ತಾರೆ. ರೈಲು ಪ್ರಯಾಣಕ್ಕೆ ಹಿತ್ತಾಳೆಯ ತಂಬಿಗೆ ಒಯ್ಯುತ್ತಿದ್ದ ನನ್ನ ತಾಯಿಗೆ ಇದು ಹೊಸ ಸಂಗತಿಯೆನಿಸುತ್ತಿರಲಿಲ್ಲ. ನೋಡಿ, ಹೋಲಿಕೆ ಮತ್ತೆ ಬಂತು!

ಸೋಮವಾರ, ಬುಧವಾರ, ಶುಕ್ರವಾರ ಊರ ಚೌಕದಲ್ಲಿ ಸಂತೆ. ಹಿಂದೆ 1435ರಲ್ಲಿ ಕಟ್ಟಿದ ಪುರಭವನ, ಅದರ ನೆತ್ತಿಯಲ್ಲಿ ಯೋಹಾನ್ ಶ್ಟೋಫ್ಲರ್ ಎಂಬ ಜ್ಯೋತಿರ್ವಿದ 1511ರಲ್ಲಿ ಮಾಡಿದ ಗಡಿಯಾರ. ಅದು ಗಂಟೆಯ ಜೊತೆಗೆ ಚಂದ್ರನ ವೃದ್ಧಿಕ್ಷಯಗಳನ್ನೂ ತೋರಿಸುತ್ತದೆ. ಗೋಡೆಗೆ ಹೊಡೆದ ಪಂಚಾಂಗ ಎಂದರೂ ಸಲ್ಲುತ್ತದೆ. ಅದರ ಕೆಳಗೆ ಬುಟ್ಟಿಗಳಲ್ಲಿ ಸ್ಟ್ರಾಬೆರಿ, ಚೆರ್ರಿ, ಕಟ್ಟು ಕಟ್ಟಾದ ಬಿಳಿಯ ಆಸ್ಪರಾಗಸ್. ಇದು ನಮ್ಮ ಶತಾವರಿಯ ಬಂಧು. ಜೂನ್ 24ರ ಸಂತ ಯೋಹಾನನ ದಿನ ಇದರ ಕೊಯ್ಲು ನಿಲ್ಲಿಸಬೇಕೆಂಬುದು ಹಿಂದಿನಿಂದ ಬಂದ ವಾಡಿಕೆ; ಗಿಡಕ್ಕೆ ಮುಂದಿನ ವರ್ಷಕ್ಕಾಗಿ ಉಸಿರು ಹಿಡಿಯಲು ಅವಕಾಶ ಬೇಡವೆ? ನಾನಿದ್ದದ್ದು ಆ ಕೊನೆಯ ವಾರ; ಮದುವೆ ಮನೆಯ ಕೊನೆಯ ಪಂಕ್ತಿಗೆ ನುಗ್ಗುವಂತೆ ಜನ ಅದಕ್ಕೆ ಮುಗಿಬಿದ್ದಿದ್ದರು. ಊಟದ ಮಾತು ಬಂದದ್ದರಿಂದ ಇನ್ನೊಂದು: ಸ್ವಾಬಿಯರ ‘ಮೌಲ್‌ಟಾಶೆ’ ಎಂಬುದು ಹೂರಣ ತುಂಬಿ ಬೇಯಿಸಿದ ಕಡುಬು. ಉಪವಾಸದ ದಿನಗಳಲ್ಲಿ ದೇವರಿಗೆ ಕಾಣದಂತೆ ಮಾಂಸವನ್ನು ಹಿಟ್ಟಿನೊಳಗೆ ಅಡಗಿಸಿದ್ದರಿಂದ ಇದು ಹುಟ್ಟಿತೆಂದು ತಾವೇ ಹೇಳಿ ನಗುತ್ತಾರೆ. ‘ದೇವರಿಗೆ ಟೋಪಿ ಹಾಕುವ ಪುಟಾಣಿ’ ಎಂಬರ್ಥದ ಅಡ್ಡಹೆಸರೂ ಅದಕ್ಕಿದೆ. ನನ್ನಂಥವರಿಗಾಗಿ ಸೊಪ್ಪು ತುಂಬಿದ್ದೂ ದೊರೆಯುತ್ತದೆ. ಅದರಲ್ಲಿ ದೇವರಿಗೆ ಮೋಸವಿಲ್ಲ, ರುಚಿಯೂ ತುಸು ಕಡಮೆ.

ಚೌಕದಿಂದ ಕೆಳಗಿಳಿದರೆ ಬೇರೆಯೇ ಊರು. ಮೇಲೂರು ಪ್ರಾಧ್ಯಾಪಕರದು, ಕೆಳಗಿನದು ಹಿಂದೆ ದ್ರಾಕ್ಷಿ ಬೆಳೆಗಾರರದು. ಆಮರ್ ಎಂಬ ತೊರೆಯ ಕಾಲುವೆ ಅಲ್ಲಿ ಮನೆಗಳ ಬುಡದಲ್ಲೇ ಹರಿಯುತ್ತದೆ. ಆ ರೈತರ ಕುತ್ತ ಮಾತಿನ, ವಿದ್ವಾಂಸರನ್ನು ಗೇಲಿ ಮಾಡುವ ನಗೆಹನಿಗಳು ಇಂದಿಗೂ ಪ್ರಸಿದ್ಧ. ಮೇಲಿನವರಿಗೂ ನಗೆ ಗೊತ್ತಿಲ್ಲವೆಂದಲ್ಲ. ಗಯಟೆ 1797ರಲ್ಲಿ ತನ್ನ ಪ್ರಕಾಶಕನ ಮನೆಯಲ್ಲಿ ಕೆಲವು ದಿನ ತಂಗಿದ್ದ; ಆ ಮನೆಗೆ ‘ಇಲ್ಲಿ ಗಯಟೆ ವಾಸವಾಗಿದ್ದ’ ಎಂಬ ಫಲಕ ಹೊಡೆದಿದ್ದಾರೆ. ಪಕ್ಕದ ಮನೆಯವರು ಸುಮ್ಮನಿರದೆ ‘ಇಲ್ಲಿ ಗಯಟೆ ವಾಂತಿ ಮಾಡಿಕೊಂಡ’ ಎಂದು ಬರೆದು ತೂಗುಹಾಕಿದ್ದಾರೆ. ಮಹಾಕವಿಯ ಸ್ಮಾರಕದ ಪಕ್ಕದಲ್ಲಿ ಇಂಥದೊಂದು ಹಲಗೆಯನ್ನು ಸಹಿಸುವ ಊರು ಕವಿಗಳ ನಿಜವಾದ ಊರೆಂದು ನನಗೆ ತೋರಿತು. ನಮ್ಮಲ್ಲಿ ಹಾಗೆ ಮಾಡಿದ್ದರೆ ಮರುದಿನವೇ ಮೆರವಣಿಗೆ.

ಕೋಟೆಯನ್ನು ನಾನು ಬೇಗ ಮುಗಿಸಿದೆ. ಅದರ ಅಡುಗೆಮನೆಯೊಂದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಅಲ್ಲಿದ್ದ ಪ್ರಯೋಗಶಾಲೆಯಲ್ಲಿ 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ತರುಣ, ಆಸ್ಪತ್ರೆಯಿಂದ ತಂದ ಗಾಯದ ಪಟ್ಟಿಗಳ ಕೀವಿನಿಂದ ಒಂದು ಹೊಸ ದ್ರವ್ಯವನ್ನು ಬೇರ್ಪಡಿಸಿದ. ಇಂದು ಶಾಲೆಯ ಮಕ್ಕಳೂ ಹೇಳುವ ಡಿ.ಎನ್.ಎ. ಅದೇ. ಒಲೆಯಿದ್ದ ಜಾಗ, ಕೀವಿನ ಬಟ್ಟೆ! ದೊಡ್ಡ ಸಂಗತಿಗಳು ಎಷ್ಟು ಸಾಮಾನ್ಯ ಸಾಮಗ್ರಿಯಿಂದ ಹೊರಡುತ್ತವೆ.

ನಡೆಯುವವನ ಕಾಲಿಗೆ ಸೊಗಸಷ್ಟೇ ಸಿಗುವುದಿಲ್ಲ. ಸೇತುವೆಯ ಬಳಿಯಿಂದ ಹೊಳೆಯ ಕೆಳಮುಖವಾಗಿ ಗಾರ್ಟನ್ ಬೀದಿಯಲ್ಲಿ ಹೋದರೆ, ವಾಸದ ಮನೆಗಳ ನಡುವೆ ಒಂದು ಸ್ಮಾರಕ ಎದುರಾಗುತ್ತದೆ. ಅಲ್ಲಿ ಯೆಹೂದ್ಯರ ಪ್ರಾರ್ಥನಾ ಮಂದಿರವಿತ್ತು. ಅದನ್ನು 1938ರ ನವೆಂಬರಿನ ರಾತ್ರಿ ನಾಜಿಗಳು ಸುಟ್ಟರು. ವಿಶ್ವವಿದ್ಯಾನಿಲಯ ಸ್ಥಾಪಿಸಿದ ಎಬರ್‌ಹಾರ್ಡ್ ದೊರೆ ಅದೇ 1477ರಲ್ಲಿ ಯೆಹೂದ್ಯರನ್ನು ಊರಿನಿಂದ ಹೊರಡಿಸಿದ್ದ ಎಂಬುದನ್ನು ಅಲ್ಲಿ ನಿಂತು ನೆನೆದಾಗ, ನಾನು ಮೂರು ದಿನದಿಂದ ಮೆಚ್ಚುತ್ತಿದ್ದ ವಿದ್ಯಾಪೀಠದ ವರ್ಷವೇ ಕಹಿಯಾಯಿತು. ಪಕ್ಕದ ಮನೆಯ ಬಾಲ್ಕನಿಯಲ್ಲಿ ಯಾರೋ ಬಟ್ಟೆ ಒಣಗಿಸುತ್ತಿದ್ದರು. ಆ ರಾತ್ರಿಯೂ ಈ ಬೀದಿಯಲ್ಲಿ ಒಣಗಲು ಹಾಕಿದ ಬಟ್ಟೆ ಇದ್ದೀತು, ಗುಡಿಸಿದ ಮೆಟ್ಟಿಲು ಇದ್ದೀತು. ನಿತ್ಯದ ಬದುಕಿನ ಸೊಗಸನ್ನು ಹೊಗಳುವವನು ಇದನ್ನೂ ಬರೆಯಬೇಕು.

ನಾನು ಆ ಊರಿಗೆ ಹೋದ ಕಾರಣವನ್ನು ಈಗ ಹೇಳುತ್ತೇನೆ. ನೆಕ್ಕಾರ್ ದಡದ ಹಳದಿ ಗೋಪುರದಲ್ಲಿ ಜರ್ಮನ್ ಕವಿ ಹೋಲ್ಡರ್ಲಿನ್ 36 ವರ್ಷ ಬದುಕಿದ. ಬುದ್ಧಿಭ್ರಮಣೆಯಾಗಿದೆಯೆಂದು 1806ರಲ್ಲಿ ಅವನನ್ನು ಇಲ್ಲಿನ ಚಿಕಿತ್ಸಾಲಯಕ್ಕೆ ತಂದರು. ಗುಣವಾಗದೆಂದು ಮರುವರ್ಷ ಬಿಟ್ಟರು. ಅವನನ್ನು ಮನೆಗೆ ಕರೆದುಕೊಂಡವನು ಪಂಡಿತನಲ್ಲ, ಬಂಧುವಲ್ಲ; ಎರ್ನ್‌ಸ್ಟ್ ತ್ಸಿಮ್ಮರ್ ಎಂಬ ಬಡಗಿ. ಅವನು ಕವಿಯ ಕಾದಂಬರಿಯನ್ನು ಓದಿ ಮೆಚ್ಚಿದ್ದ, ಅಷ್ಟೇ ಸಂಬಂಧ. ಬಡಗಿ ಸತ್ತ ಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು. ಕವಿ ಕೋಣೆಯಲ್ಲಿ, ಹೊಳೆಯ ದಡದ ತೋಟದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದನಂತೆ. ಫ್ರಾನ್ಸಿನ ಬೋರ್ಡೋ ನಗರದ ತನಕ ಬಹುಪಾಲು ಕಾಲ್ನಡಿಗೆಯಲ್ಲಿ ಹೋಗಿದ್ದವನ ಪಾಲಿಗೆ ಕಡೆಗೆ ಉಳಿದದ್ದು ಅಷ್ಟೇ ದೂರ. ಅವನು ತೀರಿಕೊಂಡದ್ದು 1843ರ ಜೂನ್ 7ರಂದು. ಕನ್ನಡದವರಿಗೆ ಈ ವರ್ಷ ಬೇರೊಂದು ಕಾರಣಕ್ಕೆ ಬಾಯಿಪಾಠ: ಇನ್ನು ಒಂದು ತಿಂಗಳೂ ಕಳೆಯುವ ಮೊದಲು, ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ.

ಮೋಗ್ಲಿಂಗರು ಓದಿದ್ದು ಇದೇ ಟ್ಯೂಬಿಂಗೆನ್ನಿನಲ್ಲಿ. ಮಲಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟರು ಓದಿದ್ದೂ ಇಲ್ಲಿಯೇ. ಕೆಪ್ಲರ್ ಕಲಿತ, ಹೆಗೆಲ್, ಶೆಲ್ಲಿಂಗ್, ಹೋಲ್ಡರ್ಲಿನ್ ಒಂದೇ ಕೋಣೆಯಲ್ಲಿದ್ದ ‘ಶ್ಟಿಫ್ಟ್’ ಎಂಬ ಧರ್ಮವಿದ್ಯೆಯ ವಸತಿಶಾಲೆ ಆ ಗೋಪುರದಿಂದ ಕೂಗಳತೆಯ ದೂರ. ಮಂಗಳೂರಿನ ಹಾದಿ ಹಿಡಿಯಲಿದ್ದ ಆ ತರುಣ ಈ ಓಣಿಗಳಲ್ಲಿ ತಿರುಗುತ್ತಿದ್ದಾಗ ಹುಚ್ಚನೆನಿಸಿಕೊಂಡ ಕವಿ ಅದೇ ಗೋಪುರದಲ್ಲಿದ್ದ. ಮುಂದೆ ಬಸವಪುರಾಣ, ಜೈಮಿನಿಭಾರತ, ದಾಸರ ಪದಗಳನ್ನೆಲ್ಲ ಅಚ್ಚು ಹಾಕಿಸಿದ ಮೋಗ್ಲಿಂಗರಿಗೆ ಆ ವಿಶ್ವವಿದ್ಯಾನಿಲಯವೇ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಮತ್ತು ಕಿಟ್ಟೆಲ್. ಅವರು 1853ರಲ್ಲಿ ಇಪ್ಪತ್ತೊಂದನೆಯ ವಯಸ್ಸಿಗೆ ಮಂಗಳೂರಿಗೆ ಬಂದವರು. ‘ಶಬ್ದಮಣಿದರ್ಪಣ’ವನ್ನೂ ‘ಛಂದೋಂಬುಧಿ’ಯನ್ನೂ ಪರಿಷ್ಕರಿಸಿದವರು. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕಾಗಿ 1896ರಲ್ಲಿ ಟ್ಯೂಬಿಂಗೆನ್ ಅವರಿಗೆ ಡಾಕ್ಟರೇಟ್ ನೀಡಿದಾಗ, ಗುಂಡರ್ಟರ ಮೊಮ್ಮಗ ಹರ್ಮನ್ ಹೆಸ್ಸೆ ಚರ್ಚಿನ ಎದುರಿನ ಪುಸ್ತಕದಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಕಿಟ್ಟೆಲರು ಕೊನೆಯ ಕಾಲವನ್ನು ಈ ಊರಿನಲ್ಲೇ ಕಳೆದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಅವರ ವ್ಯಾಕರಣ ಪ್ರಕಟವಾದದ್ದು 1903ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ನಾನು ನಡೆದ ಐದು ದಿನವೂ ಅವರು ನನ್ನ ಮನಸ್ಸಿನಿಂದ ಸರಿಯಲಿಲ್ಲ. ಸುತ್ತ ಸ್ವಾಬಿಯರ ‘ಲೆ’ ಕಾರ, ಕೆಳಗೆ ನೆಕ್ಕಾರ್, ಮೇಜಿನ ಮೇಲೆ ಕೇಶಿರಾಜ. ಮಾತು ತಪ್ಪೋ ಸರಿಯೋ ಎಂದು ಕೇಳಬೇಕೆಂದರೆ ಕನ್ನಡ ಬಲ್ಲವರು ಆ ಊರಿನಲ್ಲಿ ಎಷ್ಟು ಜನ ಸಿಕ್ಕಿಯಾರು? ಮುಪ್ಪಿನಲ್ಲಿ ನಾಲಗೆಯ ಮೇಲೆ ಬಂದ ಗಾದೆಯೊಂದನ್ನು ಯಾರಿಗೆ ಹೇಳಿ ನಗಬೇಕು?

ನಾಲ್ಕನೆಯ ದಿನ ಹಳೆಯ ಪುಸ್ತಕಗಳ ಅಂಗಡಿಯೊಂದನ್ನು ಹೊಕ್ಕೆ. ಅಂಗಡಿಯಾಕೆಗೆ ಅರವತ್ತಿರಬಹುದು, ಚೆನ್ನಾಗಿ ಇಂಗ್ಲಿಷ್ ಬಲ್ಲವಳು. ಕಿಟ್ಟೆಲ್ ಎಂದೆ. ಹೆಸರು ಕೇಳಿರಲಿಲ್ಲ. ನನಗೆ ರೋಷವೇ ಬಂತು. ಬೆಂಗಳೂರಿನಲ್ಲಿ ಆ ಮಹನೀಯರ ಪ್ರತಿಮೆಯಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಆಕೆ ಶಾಂತವಾಗಿ ಒಂದು ಚೀಟಿ ತೆಗೆದು ಹೆಸರು ಬರೆದುಕೊಂಡಳು. “ಅವರು ಏನು ಮಾಡಿದರು?” ನಮ್ಮ ಭಾಷೆಯ ಶಬ್ದಗಳನ್ನು ಕೂಡಿಸಿದರು ಎಂದೆ. “ಎಷ್ಟು?” ಸುಮಾರು 70 ಸಾವಿರ. ಆಕೆ ತಲೆಯೆತ್ತಿ ನೋಡಿದಳು. “ಇಲ್ಲಿಯೇ ತೀರಿಕೊಂಡರೆ? ಯಾವ ಬೀದಿಯ ಮನೆಯಲ್ಲಿ?”

ನನಗೆ ಗೊತ್ತಿರಲಿಲ್ಲ.

ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನು. ವರ್ಷ ವರ್ಷವೂ ನಿಘಂಟಿನ ಇತಿಹಾಸ ಎಂಬ ಪಾಠದಲ್ಲಿ ಈ ಹೆಸರನ್ನು, ಈ ಇಸವಿಯನ್ನು, ಪುಟಸಂಖ್ಯೆಯನ್ನು ಹುಡುಗರ ಕೈಯಲ್ಲಿ ಬರೆಸಿದವನು. ಬೀದಿಯ ಹೆಸರು ಎಂದಿಗೂ ಬೇಕೆನಿಸಿರಲಿಲ್ಲ. ನನ್ನ ಪಾಠವೂ ನನ್ನ ತಮ್ಮನ ಕಾಗದದಂತೆಯೇ ಇತ್ತು: ಮೋಗ್ಲಿಂಗರಿಗೆ ಅರ್ಧ ಪೀರಿಯಡ್ಡು, ಕಿಟ್ಟೆಲರಿಗೆ ಒಂದು. ಆ ನಿಘಂಟನ್ನು ತೆರೆದು ನೋಡಿದವರಿಗೆ ಗೊತ್ತು, ಅಲ್ಲಿ ಪಂಪನ ಶಬ್ದದ ಪಕ್ಕದಲ್ಲಿಯೇ ಅಡುಗೆಮನೆಯ ಶಬ್ದವೂ ಹೊಲದ ಶಬ್ದವೂ ಗಾದೆಗಳೂ ಕೂತಿವೆ. ಅವನ್ನು ಕೇಳಿದ ಕಿವಿ ಕನ್ನಡದ ಓಣಿಗಳಲ್ಲಿ ನಿಂತು ಕೇಳಿರಬೇಕಲ್ಲವೆ? ಅರ್ಧ ದಿನದಲ್ಲಿ ಆಗುವ ಕೆಲಸವಲ್ಲ ಅದು. ನಮ್ಮ ವಿದ್ಯಾರ್ಥಿಗಳಿಗೆ ಇಂದು ಕಿಟ್ಟೆಲ್ ಎಂದರೆ ಒಂದು ಕಾಲೇಜು. ತಪ್ಪು ಅವರದೆಂದು ಹೇಳಲು ನನಗೆ ಈಗ ಬಾಯಿಲ್ಲ.

ಧಾರವಾಡದಲ್ಲಿ ನಾನು ನಡೆಯುವುದನ್ನು ಬಿಟ್ಟು ಹದಿನೈದು ವರ್ಷವಾಯಿತು. ಎಂದಾದರೂ ನಡೆದು ಹೊರಟರೆ “ಯಾಕ್ರೀ ಸರ, ಗಾಡಿ ಕೆಟ್ಟೈತೇನು?” ಎಂದು ಮೂರು ಜನ ಮರುಗಿ ಕೇಳುತ್ತಾರೆ. ಕಾಲುದಾರಿಯಿದ್ದಲ್ಲಿ ಅಂಗಡಿಯ ಸಾಮಾನು, ಅದಿಲ್ಲದಲ್ಲಿ ಮೋಟರ್ ಸೈಕಲ್ಲು, ಎರಡೂ ಇಲ್ಲದಲ್ಲಿ ತೆರೆದ ಗಟಾರ. ನಡೆಯುವವನು ಬಡವನಾಗಿರಬೇಕು, ಇಲ್ಲವೆ ವೈದ್ಯರು ಹೇಳಿರಬೇಕು ಎಂಬುದು ನಮ್ಮ ಊರುಗಳ ತೀರ್ಮಾನ. ಇದಕ್ಕೆ ಪರದೇಶದ ಹೂಕುಂಡ ಬೇಡ. ಮೂರು ಅಡಿ ಅಗಲದ ಸಮತಟ್ಟಾದ ಕಲ್ಲುಹಾಸು ಸಾಕು ಎಂದು ನಾನು ಪುರಸಭೆಯವರಿಗೆ ಬರೆದರೆ ಅವರು ನಗುತ್ತಾರೋ ಏನೋ. ಬರೆಯುತ್ತೇನೆ.

ಐದನೆಯ ದಿನ ಸಂಜೆ ತಮ್ಮ ಕೆಲಸ ಮುಗಿಸಿ ನನ್ನನ್ನು ಕರೆದೊಯ್ಯಲು ಬಂದ. ಕಾರು ತಂದಿರಲಿಲ್ಲ, ಆ ಊರಿನಲ್ಲಿ ನಿಲ್ಲಿಸಲು ಜಾಗ ಸಿಗುವುದಿಲ್ಲವೆಂದು ಗೊಣಗುತ್ತ ರೈಲಿನಲ್ಲಿ ಬಂದಿದ್ದ. ಸೇತುವೆ ದಾಟಿಸಿ ಅವನನ್ನು ಆ ಗೋಡೆಯ ಬಳಿಗೆ ಕರೆದುಕೊಂಡು ಹೋದೆ. ಮೊದಲು ಸಂಕೋಚಪಟ್ಟ, ಆಮೇಲೆ ಹುಡುಗರ ನಡುವೆ ಜಾಗ ಮಾಡಿಕೊಂಡು ಬೂಟು ಹಾಕಿದ ಕಾಲುಗಳನ್ನು ನೀರಿನ ಕಡೆ ಇಳಿಬಿಟ್ಟ. ದೋಣಿಯೊಂದು ಸದ್ದಿಲ್ಲದೆ ಕೆಳಗೆ ಹೋಯಿತು. ಬೇಸಗೆಯ ಸಂಜೆ ಅಲ್ಲಿ ಒಂಬತ್ತು ಗಂಟೆಯ ಮೇಲೂ ಬೆಳಕಿರುತ್ತದೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

“ಅಣ್ಣಾ,” ಎಂದ ಅವನು, “ನಮ್ಮ ಓಣ್ಯಾಗಿನ ಆ ಕಟ್ಟಿ ಇನ್ನೂ ಐತೇನು? ಬೇವಿನ ಗಿಡದ ಕೆಳಗಿಂದು?”

“ಇಲ್ಲೋ. ರಸ್ತೆ ಅಗಲ ಮಾಡೂ ಮುಂದ ತಗದ್ರು. ಗಿಡಾನೂ ಹೋತು.”

“ಯಾವಾಗ?”

ನೆನಪು ಮಾಡಿಕೊಳ್ಳಲು ನೋಡಿದೆ. ದಿನವೂ ಅದೇ ದಾರಿಯಲ್ಲಿ ಗಾಡಿಯ ಮೇಲೆ ಹೋಗುತ್ತೇನೆ, ವರ್ಷ ಹೊಳೆಯಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ಎಂಟೂಕಾಲಿನ ರೈಲು ಹೋಗಿಬಿಟ್ಟಿತ್ತು. ಮುಂದಿನದಕ್ಕೆ ಇನ್ನೂ ಹೊತ್ತಿತ್ತು.